ನಲವತ್ತು ಮಿಲಿಸೆಕೆಂಡಿನ ಬಿಡುವು

ಆ ಪಟ್ಟಿಯಲ್ಲಿ ತಮ್ಮ ಯಂತ್ರದ ಹೆಸರೂ ಇದೆ ಎಂದು ಗೊತ್ತಾದ ದಿನ ಅವಳು ಮಧ್ಯಾಹ್ನದ ಡಬ್ಬಿಯ ಮುಚ್ಚಳ ತೆರೆಯಲಿಲ್ಲ. ಪಟ್ಟಿಯನ್ನು ಎರಡು ಸಲ ಓದಿದಳು. ಅವಳು ಏನು ಮಾಡಿದರೂ ಎರಡು ಸಲ. ಬಾಗಿಲಿಗೆ ಬೀಗ ಹಾಕಿ ಹತ್ತು ಹೆಜ್ಜೆ ಹೋದವಳು ವಾಪಸ್ ಬಂದು ಬೀಗ ಎಳೆದು ನೋಡುತ್ತಿದ್ದಳು. ಲಕೋಟೆ ಅಂಟಿಸಿದ ಮೇಲೆ ಬೆಳಕಿಗೆ ಹಿಡಿದು, ಒಳಗೆ ಕಾಗದ ಇದೆ ತಾನೇ ಎಂದು ಖಾತ್ರಿ ಮಾಡಿಕೊಳ್ಳುತ್ತಿದ್ದಳು. ಅದಕ್ಕೇ ಸೋದರಮಾವ ಅವಳಿಗೆ ಚಿಕ್ಕಂದಿನಲ್ಲೇ ‘ಎರಡ್ಸಲ’ ಎಂದು ಹೆಸರಿಟ್ಟಿದ್ದ. ಈಗ ಅವಳಿಗೆ ಮೂವತ್ತೆಂಟು. ಮಾವನೂ ಅವಳು ದುಡಿಯುವ ಪ್ರೆಸ್ಸಿನಲ್ಲೇ ಇದ್ದದ್ದರಿಂದ ಆ ಹೆಸರು ಮನೆಯಿಂದ ಪ್ರೆಸ್ಸಿಗೂ ಬಂದು ಗಟ್ಟಿಯಾಗಿ ಕೂತುಬಿಟ್ಟಿತ್ತು.

ಅದು ಬ್ರೈಲ್ ಪುಸ್ತಕಗಳ ಪ್ರೆಸ್ಸು. ಕಣ್ಣು ಕಾಣದ ಮಕ್ಕಳ ಶಾಲೆಗಳಿಗೆ ಪಠ್ಯಪುಸ್ತಕ ಹೋಗುವುದು ಅಲ್ಲಿಂದಲೇ. ದಪ್ಪ ಕಾಗದದ ಮೇಲೆ ಚುಕ್ಕಿಗಳನ್ನು ಒತ್ತುವ ಯಂತ್ರ ಒಳಗಿನ ಕೋಣೆಯಲ್ಲಿತ್ತು. ಅದು ಶುರುವಾದರೆ ಪಕ್ಕದವರ ಮಾತು ಪಕ್ಕದವರಿಗೆ ಕೇಳಿಸದು. ಅದಕ್ಕೆಂದೇ ಕೋಣೆಯ ಗೋಡೆಗಳಿಗೆಲ್ಲ ಸ್ಪಂಜು ಬಡಿದಿದ್ದರು. ಯಂತ್ರಕ್ಕೆ ಎಲ್ಲರೂ ಕರೆಯುವ ಹೆಸರು ಗುಡುಗಮ್ಮ. ಗುಡುಗಮ್ಮನ ಸೂಜಿ, ಸುರುಳಿ, ರಬ್ಬರು, ಎಣ್ಣೆ ನೋಡಿಕೊಳ್ಳುವುದು ಎರಡ್ಸಲಳ ಕೆಲಸ. ಗೋಡೆಯಾಚೆಯ ಕೋಣೆಯಲ್ಲಿ ಕೂತು, ಅಚ್ಚಾದ ಹಾಳೆಗಳನ್ನು ಬೆರಳಿನಿಂದ ಓದಿ ತಪ್ಪು ಹಿಡಿಯುವುದು ಮಾವನ ಕೆಲಸ. ಆರನೇ ವಯಸ್ಸಿಗೆ ಕಣ್ಣು ಕಳೆದುಕೊಂಡವನು, ನಲವತ್ತು ವರ್ಷದಿಂದ ಅದೇ ಕುರ್ಚಿಯಲ್ಲಿ ಕೂತು ಲೋಕದ ತಪ್ಪುಗಳನ್ನೆಲ್ಲ ಹಿಡಿಯುತ್ತಿದ್ದ.

ಮೊದಲೆಲ್ಲ ಯಂತ್ರ ಕೈಕೊಟ್ಟಾಗ ತಪ್ಪು ಕಬ್ಬಿಣದ್ದೋ ಕಂಪ್ಯೂಟರಿನದ್ದೋ ಎಂದು ಹೇಳುವವರು ಯಾರೂ ಇರಲಿಲ್ಲ. ಆ ಸಂಕಟಕ್ಕೇ ಅವಳು ಮೂರು ವರ್ಷ ಸಂಜೆ ಕ್ಲಾಸಿಗೆ ಹೋಗಿ ಕೋಡ್ ಬರೆಯುವುದನ್ನು ಕಲಿತಳು. ಪ್ರೆಸ್ಸಿನ ಕಂಪ್ಯೂಟರಿನಲ್ಲಿದ್ದದ್ದು, ಯಾರು ಬೇಕಾದರೂ ತೆರೆದು ಓದಬಹುದಾದ, ತಿದ್ದಿ ಕಳುಹಿಸಬಹುದಾದ ಆಪರೇಟಿಂಗ್ ಸಿಸ್ಟಮ್. ಅದರೊಳಗೆ ಗುಡುಗಮ್ಮನಿಗೂ ಕಂಪ್ಯೂಟರಿಗೂ ನಡುವೆ ನಿಂತು ಮಾತು ತಲುಪಿಸುವ ಡ್ರೈವರ್ ಒಂದಿತ್ತು. ಇಪ್ಪತ್ತು ವರ್ಷದ ಹಿಂದೆ ಯಾರೋ ಪುಣ್ಯಾತ್ಮ ಬರೆದು, ಕೆಲವು ವರ್ಷ ನೋಡಿಕೊಂಡು, ಆಮೇಲೆ ಪತ್ರಗಳಿಗೆ ಉತ್ತರಿಸುವುದನ್ನು ನಿಲ್ಲಿಸಿದ್ದ. ಯಾವ ಡ್ರೈವರನ್ನು ಯಾರು ನೋಡಿಕೊಳ್ಳುತ್ತಾರೆ ಎಂದು ಬರೆದಿಡುವ ಕಡತವೊಂದು ಅಲ್ಲಿರುತ್ತದೆ. ಗುಡುಗಮ್ಮನ ಡ್ರೈವರಿನ ಮುಂದೆ ಅದರಲ್ಲಿ ಒಂದೇ ಪದವಿತ್ತು: ಅನಾಥ.

ಈಗ ಬಂದ ಪಟ್ಟಿ ಅಂಥ ಅನಾಥ ಡ್ರೈವರುಗಳದ್ದು. ಹಳೆಯ ಪದ್ಧತಿಯಲ್ಲಿ ಬರೆದದ್ದನ್ನು ಯಾರಾದರೂ ಹೊಸ ಪದ್ಧತಿಗೆ ಬರೆದುಕೊಡದಿದ್ದರೆ ಬರುವ ಆವೃತ್ತಿಯಿಂದ ಅವನ್ನೆಲ್ಲ ಕಿತ್ತುಹಾಕುತ್ತೇವೆ ಎಂದಿತ್ತು.

‘ಹಳೇದರಲ್ಲೇ ಇದ್ರಾಯ್ತಮ್ಮ’ ಎಂದರು ಮ್ಯಾನೇಜರು.

‘ಕಂಪ್ಯೂಟರೇ ಈ ವರ್ಷ ಬದಲಾಗುತ್ತಲ್ಲ ಸರ್. ಹೊಸ ಕಂಪ್ಯೂಟರಿಗೆ ಹಳೇ ಆವೃತ್ತಿ ಹಿಡಿಸಲ್ಲ. ಡ್ರೈವರ್ ಹೋಯ್ತು ಅಂದ್ರೆ ಗುಡುಗಮ್ಮ ಬರೀ ಕಬ್ಬಿಣ.’

‘ಹಾಗಾದ್ರೆ ಯಾರಾದ್ರೂ ಬರೀತಾರೆ ಬಿಡು. ದೊಡ್ಡ ದೊಡ್ಡವರಿದ್ದಾರಲ್ಲ ಅಲ್ಲಿ.’

ಆ ‘ಯಾರಾದ್ರೂ’ ತಾನೇ ಆಗಬೇಕು ಎಂದು ಅರ್ಥವಾಗಲು ಅವಳಿಗೆ ಒಂದು ವಾರ ಹಿಡಿಯಿತು. ಈ ಯಂತ್ರ ಇರುವ ಪ್ರೆಸ್ಸುಗಳು ಜಗತ್ತಿನಲ್ಲಿ ಬೆರಳೆಣಿಕೆಯಷ್ಟು. ಅಲ್ಲೆಲ್ಲ ಯಂತ್ರ ತಿಳಿದವರಿಗೆ ಕೋಡ್ ತಿಳಿಯದು, ಕೋಡ್ ತಿಳಿದವರು ಯಂತ್ರ ಕಂಡಿಲ್ಲ.

ಬರೆಯಲು ಕೂತಳು. ನಾಲ್ಕು ತಿಂಗಳು ಹಿಡಿಯಿತು. ಹಳೆಯ ಡ್ರೈವರಿನ ಸಾವಿರದ ನೂರು ಸಾಲನ್ನು ಒಂದೊಂದಾಗಿ ಬಿಚ್ಚಿ, ಅರ್ಥ ಮಾಡಿಕೊಂಡು, ಹೊಸ ಪದ್ಧತಿಯಲ್ಲಿ ನಾನೂರಕ್ಕೆ ಇಳಿಸಿದಳು. ಎಲ್ಲೂ ಅರ್ಥವಾಗದೆ ಉಳಿದದ್ದು ಒಂದೇ ಸಾಲು. ಪ್ರತಿ ಸಾಲು ಚುಕ್ಕಿ ಒತ್ತಿದ ಮೇಲೆ ನಲವತ್ತು ಮಿಲಿಸೆಕೆಂಡು ಸುಮ್ಮನೆ ಕಾಯಬೇಕು ಎಂದು ಅಲ್ಲಿ ಬರೆದಿತ್ತು. ಅದರ ಮೇಲೆ ಪುಣ್ಯಾತ್ಮನ ಟಿಪ್ಪಣಿ: ‘ಇದನ್ನು ತೆಗೆಯಬೇಡಿ. ಏಕೆ ಎಂದು ನನಗೂ ಗೊತ್ತಿಲ್ಲ.’

ಅವಳು ಕಳುಹಿಸಿದ್ದನ್ನು ಪರಿಶೀಲಿಸಿ ಹೊಸ ಆವೃತ್ತಿಗೆ ಸೇರಿಸುವ ಹೊಣೆಯಿದ್ದವನು ಯಾವುದೋ ದೂರದ ಊರಿನವನು. ಮುಖ ಕಂಡಿಲ್ಲ, ದನಿ ಕೇಳಿಲ್ಲ. ಬರೆಯುತ್ತಿದ್ದ ಪತ್ರಗಳಿಂದಲೇ ಅವಳು ಅವನಿಗೆ ‘ಗರಗಸ’ ಎಂದು ಹೆಸರಿಟ್ಟಿದ್ದಳು. ಮೊದಲ ಸಲ ನಲವತ್ತಮೂರು ತಪ್ಪು ಹಿಡಿದ. ಇಲ್ಲಿ ಖಾಲಿ ಜಾಗ ಹೆಚ್ಚಾಗಿದೆ. ಇಲ್ಲಿ ಹೆಸರು ಸರಿಯಿಲ್ಲ. ಇದು ಏನು. ಇದು ಯಾಕೆ.  ಸಂಜೆ ಕ್ಲಾಸಿನಲ್ಲಿ ಕಲಿತವಳು ಇಂಥವರ ನಡುವೆ ಹೋಗಬಾರದಿತ್ತು ಎಂದು ಅವಳಿಗೆ ಅನಿಸಿತು.

‘ಬೈದಿದ್ದಾನೆ ಅಂದ್ರೆ ಪೂರ್ತಿ ಓದಿದ್ದಾನೆ ಅಂತ ಅರ್ಥ ಕಣೇ’ ಎಂದ ಮಾವ, ಹಾಳೆಯ ಮೇಲಿನ ಬೆರಳು ನಿಲ್ಲಿಸದೆ. ‘ನಾನು ಓದದೇ ಯಾರನ್ನಾದ್ರೂ ಬೈದಿದ್ದೀನಾ?’

‘ಓದದೇನೂ ಬೈದಿದ್ದೀಯ ಮಾವ.’

‘ಅದು ಬೇರೆ. ಅವರು ಬರೆಯೋದು ಹೇಗಿರುತ್ತೆ ಅಂತ ನಂಗೆ ಮೊದಲೇ ಗೊತ್ತಿತ್ತು.’

ಅವಳು ತಿದ್ದಿದಳು, ಕಳುಹಿಸಿದಳು, ಮತ್ತೆ ತಿದ್ದಿದಳು. ಐದನೇ ಸಲಕ್ಕೆ ಗರಗಸನ ಪತ್ರದಲ್ಲಿ ಒಂದೇ ಪ್ರಶ್ನೆ ಉಳಿದಿತ್ತು: ‘ಈ ನಲವತ್ತು ಮಿಲಿಸೆಕೆಂಡು ಏಕೆ? ಕಾರಣ ಹೇಳಿ, ಇಲ್ಲವೇ ತೆಗೆಯಿರಿ.’

ಕಾರಣ ಅವಳಿಗೂ ಗೊತ್ತಿರಲಿಲ್ಲ. ತೆಗೆದಳು. ಹಾಗೆಂದು ಕಣ್ಣು ಮುಚ್ಚಿಕೊಂಡು ತೆಗೆಯಲಿಲ್ಲ. ಕಥೆ ಪುಸ್ತಕದ ನೂರು ಪುಟ ಅಚ್ಚು ಹಾಕಿದಳು. ಕಿಟಕಿಯ ಬೆಳಕಿನಲ್ಲಿ ಭೂತಗನ್ನಡಿ ಹಿಡಿದು ಒಂದೊಂದು ಪುಟವನ್ನೂ ಪರದೆಯ ಜೊತೆ ಹೋಲಿಸಿದಳು, ಎರಡು ಸಲ. ಎಳ್ಳಷ್ಟೂ ತಪ್ಪಿರಲಿಲ್ಲ. ಈ ಕೆಲಸದಲ್ಲಿ ಒಂದು ಕಟ್ಟುನಿಟ್ಟಿನ ರೂಢಿಯಿದೆ: ನಿಜವಾದ ಯಂತ್ರದ ಮೇಲೆ ಓಡಿಸಿ ನೋಡಿದವರು ಮಾತ್ರ ಕೋಡಿನ ಕೆಳಗೆ ‘ಪರೀಕ್ಷಿಸಿದವರು’ ಎಂದು ತಮ್ಮ ಹೆಸರು ಹಾಕಬಹುದು. ಅದು ಮಾತು ಕೊಟ್ಟ ಹಾಗೆ. ಅವಳು ಹೆಸರು ಹಾಕಿದಳು. ಗರಗಸ ಒಪ್ಪಿಕೊಂಡ. ಮುಂದಿನ ವಾರದ ಶುಕ್ರವಾರ ಎಲ್ಲವನ್ನೂ ಒಟ್ಟು ಮಾಡಿ ಹೊಸ ಆವೃತ್ತಿಗೆ ಸೇರಿಸಲು ಮೇಲಕ್ಕೆ ಕಳುಹಿಸುತ್ತೇನೆ, ಅಷ್ಟರಲ್ಲಿ ಹೊಸ ಕೋಡ್ ಬರದ ಹಳೆಯ ಡ್ರೈವರುಗಳನ್ನು ಅಂದೇ ತೆಗೆಯುತ್ತೇನೆ ಎಂದು ಬರೆದ.

ಮನೆಯಲ್ಲಿ ಅಮ್ಮ ‘ಪಾಸಾದ್ಯಾ?’ ಎಂದು ಕೇಳಿದಳು. ‘ಹೂಂ’ ಎಂದು ಇವಳು ಆ ವಾರವೆಲ್ಲ ನೆಟ್ಟಗೆ ನಿದ್ದೆ ಮಾಡಿದಳು.

ಮರುವಾರ ಮಂಗಳವಾರ ಬೆಳಿಗ್ಗೆ ಗೋಡೆಯಾಚೆಯಿಂದ ಮಾವ ಕರೆದ. ಹೊಸ ಡ್ರೈವರಿನಿಂದ ಅಚ್ಚಾದ ಮೂರನೇ ತರಗತಿಯ ಗಣಿತ ಅವನ ಮುಂದಿತ್ತು.

‘ಆರರ ಮಗ್ಗಿ ಹೇಳೇ.’

‘ಯಾಕೆ ಮಾವ?’

‘ಹೇಳು ಅಂದೆ.’

‘ಆರೊಂದ್ಲೆ ಆರು. ಆರೆರಡ್ಲೆ ಹನ್ನೆರಡು...’

‘ಸಾಕು. ಈ ಪುಸ್ತಕದಲ್ಲಿ ಒಂಬತ್ತೊಂದ್ಲೆ ಆರು ಅಂತಿದೆ.’

ಅವಳು ಹಾಳೆ ಕಸಿದುಕೊಂಡು ನೋಡಿದಳು. ಬ್ರೈಲಿನ ಒಂದು ಮನೆಯಲ್ಲಿ ಆರು ಚುಕ್ಕಿಗಳ ಜಾಗ. ಆರು ಎಂಬ ಅಂಕಿಗೆ ಒಂದನೆಯ, ಎರಡನೆಯ, ನಾಲ್ಕನೆಯ ಚುಕ್ಕಿ ಬೇಕು. ಒಂದನೆಯದು ಬಿದ್ದುಹೋದರೆ ಅದು ಒಂಬತ್ತು. ಆದರೆ ಅವಳ ಕಣ್ಣಿಗೆ ಮೂರೂ ಕಾಣುತ್ತಿದ್ದವು.

‘ಇದೆಯಲ್ಲ ಮಾವ. ಮೂರೂ ಇವೆ.’

‘ಕಣ್ಣಲ್ಲಿ ನೋಡ್ತಿದ್ದೀಯಲ್ವಾ?’ ಎಂದು ಅವನು ಅವಳ ಕೈ ಹಿಡಿದು ತೋರುಬೆರಳನ್ನು ಅಂಕಿಯ ಮೇಲಿಟ್ಟ. ‘ಇದೆ, ಆದ್ರೆ ಪಿಸುಗುಡ್ತಿದೆ. ಪಕ್ಕದವೆರಡೂ ಗಟ್ಟಿಯಾಗಿ ಮಾತಾಡ್ತಿವೆ. ನಂಗೆ ಇಷ್ಟು ಕೇಳಿಸ್ತು. ಮೂರನೇ ತರಗತಿ ಮಗುವಿನ ಬೆರಳಿಗೆ ಇದೂ ಕೇಳಿಸಲ್ಲ. ಅದು ಒಂಬತ್ತು ಅಂತಲೇ ಓದಿ ಬಾಯಿಪಾಠ ಮಾಡುತ್ತೆ.’

 ಬ್ರೈಲ್ ಪ್ರೆಸ್ಸಿನಲ್ಲಿ ಹದಿನೈದು ವರ್ಷ ದುಡಿದವಳು ಬ್ರೈಲನ್ನು ಕಣ್ಣಿನಿಂದ ಪರೀಕ್ಷಿಸಿದ್ದಳು. ನೂರು ಪುಟವನ್ನು ಎರಡೆರಡು ಸಲ ನೋಡಿ, ಒಂದನ್ನೂ ಮುಟ್ಟಿರಲಿಲ್ಲ.

ಮಧ್ಯಾಹ್ನದೊಳಗೆ ಕಾರಣ ಸಿಕ್ಕಿತು. ಮಗ್ಗಿಯ ಮೇಲೆ ಅಂಚಿನ ಗೆರೆಯೊಂದಿತ್ತು, ಇಡೀ ಸಾಲಿನುದ್ದಕ್ಕೂ ಆರಕ್ಕೆ ಆರು ಚುಕ್ಕಿ. ಅಂಥ ಗೆರೆ ಕಥೆ ಪುಸ್ತಕದಲ್ಲಿ ಬರುವುದೇ ಇಲ್ಲ. ಆರೂ ಸೂಜಿಗಳು ಒಂದೇ ಸಮನೆ ಹೊಡೆದ ಮೇಲೆ ಯಂತ್ರದೊಳಗಿನ ವಿದ್ಯುತ್ತು ಮತ್ತೆ ತುಂಬಿಕೊಳ್ಳಲು ಒಂದು ಉಸಿರಿನಷ್ಟು ಬಿಡುವು ಬೇಕು. ಬಿಡುವಿಲ್ಲದಿದ್ದರೆ ಮುಂದಿನ ಸಾಲಿನ ಆರಂಭದಲ್ಲಿ, ಎಲ್ಲಕ್ಕಿಂತ ಉದ್ದದ ತಂತಿಯಿರುವ ಒಂದನೆಯ ಸೂಜಿಗೆ ಬಲ ಸಾಲದು. ಪುಣ್ಯಾತ್ಮ ಇಪ್ಪತ್ತು ವರ್ಷದ ಹಿಂದೆ ಏಕೆಂದು ತಿಳಿಯದೆಯೇ ಯಂತ್ರಕ್ಕೆ ಕೊಟ್ಟಿದ್ದ ಬಿಡುವನ್ನು ಅವಳು ಕಿತ್ತುಕೊಂಡಿದ್ದಳು.

ಮ್ಯಾನೇಜರು ಕತೆಯನ್ನೆಲ್ಲ ಕೇಳಿ ಕನ್ನಡಕ ತೆಗೆದರು. ‘ನೋಡಮ್ಮ, ಅವರು ಒಪ್ಪಿಕೊಂಡಾಗಿದೆ. ಈಗ ಬಾಯಿಬಿಟ್ರೆ ಶುಕ್ರವಾರ ತಪ್ಪಿಹೋಗುತ್ತೆ, ಹಳೇದನ್ನೂ ಕಿತ್ತುಹಾಕ್ತಾರೆ. ಸುಮ್ಮನಿದ್ದುಬಿಡು. ನಮ್ಮ ಯಂತ್ರದಲ್ಲಿ ನಾವು ಆ ಸಾಲು ಸೇರಿಸ್ಕೊಳ್ಳೋಣ. ಉಳಿದಿದ್ದು ಮುಂದಿನ ಆವೃತ್ತಿಲಿ ನಿಧಾನಕ್ಕೆ ಸರಿ ಮಾಡು.’

‘ಬೇರೆ ಪ್ರೆಸ್ಸುಗಳಲ್ಲಿ ಅಷ್ಟರಲ್ಲಿ ಅಚ್ಚಾಗೋ ಪುಸ್ತಕ?’

‘ಅಲ್ಲೂ ಪ್ರೂಫ್ ಓದೋರು ಇರ್ತಾರೆ.’

‘ನಮ್ಮ ಮಾವ ಇರಲ್ವಲ್ಲ ಸರ್.’

ಮ್ಯಾನೇಜರು ಕನ್ನಡಕ ಒರೆಸಿದರು.

ಅವಳು ಮಾವನ ಹತ್ತಿರ ಬಂದು ಕೂತಳು. ಅವನು ಏನಾದರೂ ಹೇಳಲಿ ಎಂದು ಕಾದಳು. ಅವನು ಹಾಳೆಗಳ ಅಂಚನ್ನು ತಟ್ಟಿ ಸರಿಮಾಡುತ್ತಿದ್ದ.

‘ಏನ್ಮಾಡ್ಲಿ ಮಾವ?’

‘ಅಲ್ಲಿರೋದು ನಿನ್ನ ಹೆಸರು. ನನ್ನನ್ನ್ಯಾಕೆ ಕೇಳ್ತೀಯ?’

‘ಬರೆದ್ರೆ ನಾಲ್ಕು ತಿಂಗಳ ಕೆಲಸ ನೀರಲ್ಲಿ ಹೋಮ. ನಗ್ತಾರೆ. ಪರೀಕ್ಷೆ ಮಾಡೋಕೆ ಬರದವಳು ಅಂತಾರೆ.’

‘ಅಂತಾರೆ’ ಎಂದು ಅವನು ಒಪ್ಪಿಕೊಂಡ. ‘ನಾನೂ ಅಂತೀನಿ.’

ಅವಳಿಗೆ ಅಳು ಬರಬೇಕಿತ್ತು, ನಗು ಬಂತು. ಎದ್ದು ಹೋಗಿ ಪತ್ರ ಬರೆದಳು. ಗರಗಸನಿಗೆ ಮಾತ್ರವಲ್ಲ, ಆ ಕೆಲಸದಲ್ಲಿದ್ದ ಎಲ್ಲರಿಗೂ ಹೋಗುವ ಪತ್ರ, ನೂರಾರು ಜನ ಓದುವಂಥದ್ದು. ‘ನಾನು ಪರೀಕ್ಷಿಸಿದ್ದೇನೆ ಎಂದು ಬರೆದದ್ದು ತಪ್ಪು. ಮುಟ್ಟಿ ಓದುವ ಬರಹವನ್ನು ಕಣ್ಣಿನಿಂದ ನೋಡಿದೆ. ನಲವತ್ತು ಮಿಲಿಸೆಕೆಂಡಿನ ಬಿಡುವು ಅಗತ್ಯ. ದಯವಿಟ್ಟು ನನ್ನ ಕೋಡನ್ನು ಮೇಲಕ್ಕೆ ಕಳುಹಿಸಬೇಡಿ.’ ಕಳುಹಿಸುವ ಗುಂಡಿ ಒತ್ತಿದ ಮೇಲೆ ಕೈಗಳನ್ನು ತೊಡೆಯ ಕೆಳಗಿಟ್ಟುಕೊಂಡು ಕೂತಳು.

ಮೂರು ಗಂಟೆ ಕಳೆದು ಗರಗಸನ ಉತ್ತರ ಬಂತು. ನಗಲಿಲ್ಲ, ಬೈಯಲೂ ಇಲ್ಲ. ‘ಪಕ್ಕಕ್ಕಿಟ್ಟಿದ್ದೇನೆ. ಶುಕ್ರವಾರ ಬೆಳಿಗ್ಗೆಯವರೆಗೆ ಸಮಯವಿದೆ. ನಲವತ್ತೇ ಏಕೆ? ಹತ್ತು ಸಾಲದೇ? ಹಿಂದೆ ಇತ್ತು ಎಂಬುದು ಉತ್ತರವಲ್ಲ. ಅಳತೆ ತೋರಿಸಿ.’

ಅಳತೆ ಎಲ್ಲಿಂದ ತರುವುದು? ಕೂದಲೆಳೆಯಷ್ಟು ತಗ್ಗಿದ ಚುಕ್ಕಿಯ ಎತ್ತರ ಹೇಳುವ ಉಪಕರಣ ಪ್ರೆಸ್ಸಿನಲ್ಲಿ ಇರಲಿಲ್ಲ. ಭೂತಗನ್ನಡಿಯ ಯೋಗ್ಯತೆ ಗೊತ್ತಾಗಿತ್ತು. ಅವಳು ಪತ್ರವನ್ನು ಮಾವನಿಗೆ ಓದಿ ಹೇಳಿದಳು.

‘ಅಳತೆಗೋಲು ಇಲ್ಲಿ ಕೂತು ನಿನ್ನ ಮುಖ ನೋಡ್ತಿದೆಯಲ್ಲೇ’ ಎಂದ ಅವನು.

‘ನೀನು ಹೇಳಿದ್ದನ್ನ ಅವನು ನಂಬಬೇಕಲ್ಲ.’

‘ನಂಬೋ ಹಾಗೆ ಮಾಡು. ಅದು ನಿನ್ನ ಕೆಲಸ. ಬೆರಳು ನನ್ನದು.’

ಬುಧವಾರ ಯಂತ್ರದ ಕೋಣೆಯಿಂದ ಅರವತ್ತು ಹಾಳೆ ಹೊರಬಂದವು. ಎಲ್ಲದರಲ್ಲೂ ಅದೇ ಅಂಚಿನ ಗೆರೆ, ಅದೇ ಆರರ ಮಗ್ಗಿ. ಬಿಡುವೇ ಇಲ್ಲದೆ ಹನ್ನೆರಡು, ಹತ್ತು ಮಿಲಿಸೆಕೆಂಡಿಗೆ ಹನ್ನೆರಡು, ಹೀಗೆ ಹತ್ತತ್ತು ಏರಿಸಿ ನಲವತ್ತರವರೆಗೆ, ಸರದಿ ಬೆರೆಸಿ ಅಚ್ಚು ಹಾಕಿದ್ದು. ಬೆನ್ನಿಗೆ ಪೆನ್ಸಿಲಿನಲ್ಲಿ ಗುರುತು ಹಾಕಿದಳು. ಆಮೇಲೆ ಅವಳಿಗೆ ಹೊಸ ಚಿಂತೆ ಹತ್ತಿತು. ತಾನು ಪಕ್ಕದಲ್ಲಿದ್ದರೆ ತನ್ನ ಉಸಿರಾಟದಿಂದಲೇ ಮಾವ ಉತ್ತರ ಹಿಡಿದುಬಿಡುತ್ತಾನೆ. ಹಾಗಾಗಿ ಹಾಳೆಗಳನ್ನು ಕಲಸಿ ಒಂದೊಂದಾಗಿ ಕೊಡುವ ಕೆಲಸವನ್ನು ಮ್ಯಾನೇಜರಿಗೆ ವಹಿಸಿದಳು. ಪೆನ್ಸಿಲಿನ ಗುರುತು ಅವರಿಗೂ ಕಾಣದಂತೆ ಪ್ರತಿ ಹಾಳೆಯ ಬೆನ್ನಿಗೆ ಕಾಗದದ ಚೂರು ಅಂಟಿಸಿದಳು. ತಾನು ಹೊರಗೆ ಮೆಟ್ಟಿಲ ಮೇಲೆ ಕೂತಳು.

ಬಾಗಿಲ ಸಂದಿಯಿಂದ ದನಿಗಳು ಕೇಳುತ್ತಿದ್ದವು.

‘ಪಿಸು’ ಎಂದ ಮಾವ. ‘ಪಿಸು. ಸರಿ. ಪಿಸು. ಸರಿ.’

‘ಸ್ವಲ್ಪ ನಿಧಾನಕ್ಕೆ ನೋಡಪ್ಪ’ ಎಂದರು ಮ್ಯಾನೇಜರು.

‘ನೀವು ಬೇಗ ಕೊಡಿ ಸರ್. ಬೆರಳು ಬಿಸಿ ಇದ್ದಾಗಲೇ ಆಗಬೇಕು.’

ಅರವತ್ತೂ ಮುಗಿದ ಮೇಲೆ ಚೂರು ಕಿತ್ತು ಎಣಿಸಿದರು. ಬಿಡುವೇ ಇಲ್ಲದ ಹನ್ನೆರಡೂ ಪಿಸು. ಹತ್ತರ ಹನ್ನೆರಡೂ ಪಿಸು. ಇಪ್ಪತ್ತರದ್ದು ಒಂಬತ್ತು. ಮೂವತ್ತರದ್ದು ಎರಡು. ನಲವತ್ತರದ್ದು ಒಂದೂ ಇಲ್ಲ. ಮೂವತ್ತರ ಆ ಎರಡೂ ಬೆಳಿಗ್ಗೆ ಯಂತ್ರ ಇನ್ನೂ ತಣ್ಣಗಿದ್ದಾಗ ಅಚ್ಚಾದವು ಎಂದು ಅವಳ ಟಿಪ್ಪಣಿ ಪುಸ್ತಕ ಹೇಳುತ್ತಿತ್ತು. ಮ್ಯಾನೇಜರು ಅಂಕಿಗಳನ್ನು ನೋಡಿದರು, ಮಾವನ ಕೈ ನೋಡಿದರು.

‘ಇಷ್ಟು ವರ್ಷ ನೀನು ಸುಮ್ಮಸುಮ್ಮನೆ ತಕರಾರು ಮಾಡ್ತೀಯ ಅಂದ್ಕೊಂಡಿದ್ದೆ’ ಎಂದರು.

‘ಅರ್ಧ ಸುಮ್ಮಸುಮ್ಮನೇನೇ’ ಎಂದ ಮಾವ.

ಗುರುವಾರ ಅವಳು ಎಲ್ಲವನ್ನೂ ಬರೆದು ಕಳುಹಿಸಿದಳು. ಕೋಷ್ಟಕ, ಹಾಳೆ ಕಲಸಿದ ಬಗೆ, ತಾನು ಹೊರಗೆ ಕೂತದ್ದು, ತಣ್ಣನೆಯ ಯಂತ್ರದ ವಿಷಯ. ಅಳತೆಯ ಸಾಧನ ಎಂಬಲ್ಲಿ, ‘ನಲವತ್ತು ವರ್ಷ ಪ್ರೂಫ್ ಓದಿದವರ ಬಲಗೈ ತೋರುಬೆರಳು’ ಎಂದು ಬರೆದಳು. ಇದನ್ನು ಓದಿ ಅವರು ಏನೆಂದುಕೊಳ್ಳುತ್ತಾರೋ ಎಂದು ಆ ಸಾಲನ್ನು ಅಳಿಸಿದಳು. ಅಳಿಸಿದರೆ ಅದು ಸುಳ್ಳಾಗುತ್ತದೆ ಎಂದು ಮತ್ತೆ ಬರೆದಳು. ಕೋಡಿನಲ್ಲಿ ನಲವತ್ತು ಮಿಲಿಸೆಕೆಂಡನ್ನು ಅದರ ಜಾಗಕ್ಕೆ ವಾಪಸ್ ಇಟ್ಟು, ಅದರ ಮೇಲೆ ಏಕೆ ಬೇಕು ಎಂಬ ಕಾರಣವನ್ನು ನಾಲ್ಕು ಸಾಲಿನಲ್ಲಿ ಬಿಡಿಸಿ ಹೇಳಿದಳು. ಈ ಬಿಡುವನ್ನು ಮೊದಲು ಕಂಡವನು ಹಳೆಯ ಡ್ರೈವರ್ ಬರೆದವನು ಎಂದು ಅವನ ಹೆಸರನ್ನೂ ಸೇರಿಸಿದಳು.

ಶುಕ್ರವಾರ ಬೆಳಿಗ್ಗೆ ಪ್ರೆಸ್ಸಿನ ಬಾಗಿಲು ತೆರೆಯುವ ಹೊತ್ತಿಗೆ ಉತ್ತರ ಬಂದಿತ್ತು. ಅವಳು ನಿಂತುಕೊಂಡೇ ಓದಿದಳು.

‘ಈ ಕೆಲಸದಲ್ಲಿ ಬಹಳ ವರ್ಷದಿಂದ ಇದ್ದೇನೆ. ಲಕ್ಷಾಂತರ ಬೆಲೆಯ ಉಪಕರಣದಿಂದ ಅಳತೆಗಳನ್ನು ಇದಕ್ಕಿಂತ ಎಷ್ಟೋ ಅಜಾಗರೂಕತೆಯಿಂದ ತೆಗೆದದ್ದನ್ನು ಕಂಡಿದ್ದೇನೆ. ಕೋಡ್ ತೆಗೆದುಕೊಂಡಿದ್ದೇನೆ. ಕಾರಣ ಹೇಳಿ ಇಲ್ಲವೇ ತೆಗೆಯಿರಿ ಎಂದವನು ನಾನು. ಆ ತಪ್ಪಿನಲ್ಲಿ ನನ್ನ ಪಾಲೂ ಇದೆ. ಇನ್ನೆರಡು ವಿಷಯ. ಒಂದು, ಪರೀಕ್ಷಿಸಿದವರ ಸಾಲಿನಲ್ಲಿ ಬೆರಳಿನ ಒಡೆಯರ ಹೆಸರು ಇರಬೇಕು. ಅವರ ಒಪ್ಪಿಗೆ ಇದೆಯೇ? ಎರಡು, ಈ ಡ್ರೈವರನ್ನು ನೋಡಿಕೊಳ್ಳುವವರು ಬೇಕು. ತಮ್ಮ ತಪ್ಪನ್ನು ತಾವೇ ಬಂದು ಹೇಳುವವರು ನನಗೆ ಹೆಚ್ಚು ಸಿಗುವುದಿಲ್ಲ. ನಿಮ್ಮ ಹೆಸರು ಹಾಕಲೇ?’

ಅವಳು ಮಾವನಿಗೆ ಮೊದಲನೆಯ ವಿಷಯದವರೆಗೆ ಮಾತ್ರ ಓದಿ ಹೇಳಿದಳು. ಎರಡನೆಯದನ್ನು ತನ್ನಷ್ಟಕ್ಕೇ ಇನ್ನೊಂದು ಸಲ ಓದಿಕೊಂಡಳು.

‘ನನ್ನ ಹೆಸರು ಎಷ್ಟು ಕಂಪ್ಯೂಟರಲ್ಲಿ ಇರುತ್ತೆ?’ ಎಂದು ಕೇಳಿದ ಮಾವ.

‘ಕೋಡ್ ಇಟ್ಟುಕೊಂಡಿರೋ ಎಲ್ಲದರಲ್ಲೂ. ಲಕ್ಷಗಟ್ಟಲೆ.’

ಅವನು ಗಲ್ಲ ಕೆರೆದುಕೊಂಡ. ‘ಇನಿಷಿಯಲ್ ಹಾಕೋಕೆ ಹೇಳು. ಇಲ್ಲಾಂದ್ರೆ ಬೇರೆ ಯಾರೋ ಅಂದ್ಕೊಂಡಾರು.’ ಆಮೇಲೆ, ‘ಎರಡನೇದು ಏನು? ಎರಡು ವಿಷಯ ಅಂತ ಓದಿದೆಯಲ್ಲ’ ಎಂದ.

ಅವಳು ಓದಿದಳು.

 ಮಾವ ಎದ್ದು, ಮೇಜಿನ ಅಂಚು ಹಿಡಿದು ಬಂದು, ಅವಳ ತಲೆಯ ಮೇಲೆ ಕೈಯಿಟ್ಟ. ತಪ್ಪು ಹುಡುಕುವ ಬೆರಳುಗಳು ಅಲ್ಲಿ ಒಂದು ಕ್ಷಣ ಸುಮ್ಮನಿದ್ದವು. ಆಮೇಲೆ ಅವನು ಗೋಡೆಯಾಚೆ ಮುಖ ಮಾಡಿ ಮ್ಯಾನೇಜರಿಗೆ ಕೇಳುವಂತೆ, ‘ನಮ್ಮ ಹುಡುಗಿ ಸರ್. ಸಂಜೆ ಕ್ಲಾಸಲ್ಲಿ ಓದಿದ್ದು’ ಎಂದ. ಇಷ್ಟು ದಿನ ಅವಳು ಹೇಳಿಕೊಳ್ಳಲು ಹಿಂಜರಿಯುತ್ತಿದ್ದ ಮಾತು ಅವನ ಬಾಯಲ್ಲಿ ಬೇರೆಯೇ ಆಗಿ ಕೇಳಿಸಿತು.

ಮನೆಯಲ್ಲಿ ಅಮ್ಮನಿಗೆ ವಿವರಿಸುವುದು ಕಷ್ಟವಾಯಿತು.

‘ಹೆಸರು ಹಾಕಿದ್ರೆ ಏನಾಗುತ್ತೆ?’

‘ಇನ್ನು ಮೇಲೆ ಅದು ಎಲ್ಲಿ ಕೆಟ್ಟರೂ ನನ್ನನ್ನ ಕೇಳ್ತಾರಮ್ಮ. ಬೈಯೋದಿದ್ರೂ ನನಗೇ ಬೈತಾರೆ.’

‘ಅದಕ್ಕೆ ಇಷ್ಟು ಖುಷಿಯಾ ನಿನಗೆ?’

ಅವಳು ಯೋಚಿಸಿದಳು. ‘ಹೂಂ’ ಎಂದಳು.

ಹನ್ನೊಂದು ವಾರ ಯಾರೂ ಏನೂ ಕೇಳಲಿಲ್ಲ. ಹೊಸ ಆವೃತ್ತಿ ಬಂತು. ಪ್ರೆಸ್ಸಿಗೆ ಹೊಸ ಕಂಪ್ಯೂಟರು ಬಂತು. ಗುಡುಗಮ್ಮ ಅದೇ ಆರ್ಭಟದಿಂದ ಗಣಿತ, ವಿಜ್ಞಾನ, ವ್ಯಾಕರಣ ಎಲ್ಲ ಒತ್ತಿದಳು. ಎರಡ್ಸಲ ದಿನಾ ಬೆಳಿಗ್ಗೆ ಟಪಾಲು ತೆರೆದು ನೋಡಿ ಮುಚ್ಚುತ್ತಿದ್ದಳು. ಜಗತ್ತಿನಲ್ಲಿ ಈ ಡ್ರೈವರನ್ನು ಬಳಸುವವರು ತಾವೊಬ್ಬರೇ ಇರಬಹುದೇ ಎಂಬ ಅನುಮಾನವೂ ಒಂದೆರಡು ದಿನ ಕಾಡಿತು.

ಹನ್ನೆರಡನೇ ವಾರದ ಸೋಮವಾರ ಒಂದು ಪತ್ರವಿತ್ತು. ಅಪರಿಚಿತ ಹೆಸರು, ಅಪರಿಚಿತ ಊರು. ಅಲ್ಲಿಯೂ ಒಂದು ಬ್ರೈಲ್ ಪ್ರೆಸ್ಸು, ಅಲ್ಲಿಯೂ ಇದೇ ಯಂತ್ರ. ಬರೆದವನ ಸಿಟ್ಟು ಅಕ್ಷರಕ್ಷರದಲ್ಲೂ ಇತ್ತು. ಕಾಗದ ಮುಗಿದಾಗ ಯಂತ್ರ ನಿಲ್ಲುವ ಬದಲು ಒಂದು ಸಾಲು ಗಾಳಿಯಲ್ಲೇ ಹೊಡೆಯುತ್ತದೆ, ಸೂಜಿ ಹಾಳಾಗುತ್ತದೆ, ಇದನ್ನು ಯಾರು ಹೀಗೆ ಬರೆದದ್ದು, ನೋಡಿಕೊಳ್ಳುವವರು ಎಂದು ನಿಮ್ಮ ಹೆಸರಿದೆ, ನೋಡಿಕೊಳ್ಳುತ್ತಿದ್ದೀರಾ?

ಅವಳು ಪತ್ರವನ್ನು ಪೂರ್ತಿ ಓದಿದಳು. ಆ ದೂರು ನಿಜವೇ ಇರಬಹುದು ಎನಿಸಿತು. ಕಾಗದದ ಕೊನೆಯನ್ನು ಕಂಡುಹಿಡಿಯುವ ಭಾಗದಲ್ಲಿ ಅವಳಿಗೂ ಒಂದು ಸಾಲಿನ ಬಗ್ಗೆ ಅಷ್ಟು ಧೈರ್ಯವಿರಲಿಲ್ಲ.  ಅವಳು ಕುರ್ಚಿ ಹಿಂದಕ್ಕೆ ಸರಿಸಿ ಎದ್ದಳು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು, ಗೋಡೆಯಾಚೆಗೆ ಕೂಗಿದಳು.

‘ಮಾವ, ಕೈ ಖಾಲಿ ಇದೆಯಾ?’

‘ಯಾಕೆ, ಬೈಗುಳ ಬಂತಾ?’

‘ಬಂತು ಮಾವ’ ಎಂದಳು ಅವಳು, ‘ನನ್ನ ಹೆಸರಿಗೇ ಬಂದಿದೆ. ಒಂದು ರೀಮ್ ಕಾಗದ ತರ್ತೀನಿ, ಮುಗಿಯೋವರೆಗೆ ಓಡಿಸಿ ನೋಡೋಣ, ತಡಿ.’